ತಂತಿಗೆ ಚುಚ್ಚದ ಕಾಗದ

ನಮ್ಮ ಮನೆಯ ಜಗಲಿಯ ಕಂಬಕ್ಕೆ ಕಾಗದದ ತಂತಿಯೊಂದು ನೇತಾಡುತ್ತಿತ್ತು. ಕೆಳಗೆ ಮರದ ಬಿಲ್ಲೆ, ಮೇಲೆ ಕೊಕ್ಕೆ. ಅಂಚೆಯವನು ತಂದದ್ದನ್ನೆಲ್ಲ ಓದಿ ಅದಕ್ಕೆ ಚುಚ್ಚುವುದು. ಶಿರಸಿಯ ಸೊಸೈಟಿಯಿಂದ ಬಂದ ಅಡಿಕೆ ಪಟ್ಟಿ, ಮೂಲೆಗೆ ಅರಿಶಿನ ಹಚ್ಚಿದ ಮದುವೆ ಕಾಗದ, ಹುಬ್ಬಳ್ಳಿಯಲ್ಲಿ ಓದುವ ಹುಡುಗ ಹಣ ಕೇಳಿ ಬರೆದ ಇನ್‌ಲ್ಯಾಂಡು, ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಶುರುವಾಗಿ ಆಕಳು ಕರು ಹಾಕಿದ ಸುದ್ದಿಗೆ ಮುಗಿಯುವ ಅತ್ತೆಯ ಕಾರ್ಡು. ಎಲ್ಲವೂ ಒಂದರ ಬೆನ್ನಿಗೊಂದು ಏರಿ ಕೂತು, ಹೊಗೆ ಕುಡಿದು ಕಂದು ಬಣ್ಣಕ್ಕೆ ತಿರುಗುತ್ತಿದ್ದವು. ಒಂದು ಜಾತಿಯ ಕಾಗದಕ್ಕೆ ಮಾತ್ರ ಅಲ್ಲಿ ಜಾಗವಿರಲಿಲ್ಲ. ಸಾವಿನ ಸುದ್ದಿ ಹೊತ್ತು ಬಂದದ್ದನ್ನು ಅಂಗಳದಲ್ಲೇ ನಿಂತು ಓದಿ, ಅಲ್ಲೇ ಹರಿದು ಎಸೆದು, ಕೈಕಾಲು ತೊಳೆದು ಒಳಗೆ ಬರುತ್ತಿದ್ದರು.

ಹೀಗಾಗಿ ನಮ್ಮ ಕಡೆ ಸಾವು ಮತ್ತು ಕಾಗದ ಒಟ್ಟಿಗೆ ಬಾಳಿದ್ದೇ ಇಲ್ಲ. ಸಾಯುವವರು ಏನಾದರೂ ಬರೆದಿಟ್ಟರೋ ಎಂದು ಹುಡುಕಿದರೆ ಸಿಗುವುದು ಕೈಸಾಲದ ಲೆಕ್ಕ, ಇಲ್ಲವೇ ಮೃತ್ಯುಪತ್ರ. ಮೈಸೂರು ಕಡೆಯವರು ಉಯಿಲು ಎನ್ನುವುದಕ್ಕೆ ಮುಂಬಯಿ ಇಲಾಖೆಯಲ್ಲಿದ್ದ ನಾವು ಮೃತ್ಯುಪತ್ರ ಎನ್ನುತ್ತೇವೆ. ಹೆಸರಿನಲ್ಲೇ ಮೃತ್ಯು ಕೂತಿರುವುದರಿಂದ ಅದನ್ನು ಯಾರೂ ಖುಷಿಯಿಂದ ಬರೆಯುವುದಿಲ್ಲ.

ಮೂರು ಮಳೆಗಾಲದ ಹಿಂದೆ, ಆಷಾಢದ ಒಂದು ಮಧ್ಯಾಹ್ನ, ಯಲ್ಲಾಪುರದಿಂದ ಒಳಗಿರುವ ನಮ್ಮ ಮೂಲಮನೆಯಲ್ಲಿ ದೊಡ್ಡಪ್ಪ ನನ್ನನ್ನು ಕೂರಿಸಿಕೊಂಡು, “ಒಂದು ಕಾಗದ ಬರೆಯವು. ಯಂಗೆ ಕೈ ನಡಗ್ತು. ನೀ ಬರಿ” ಎಂದರು. ಯಾರಿಗೆ ಎಂದೆ. “ಮಕ್ಕಳಿಗೆ. ಆನು ಹೋದ ಮೇಲೆ ಓದೂ ಕಾಗದ.” ಒಳಗೆ ಹಪ್ಪಳ ಸುಡುತ್ತಿದ್ದ ದೊಡ್ಡಮ್ಮನ ಧ್ವನಿ ಅಲ್ಲಿಂದಲೇ ಬಂತು: “ಬಿಡ್ತು ಅನ್ನಿ!” ದೊಡ್ಡಪ್ಪ ವಿಧೇಯರಾಗಿ “ಬಿಡ್ತು” ಅಂದರು. ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿ, “ಬರಿ” ಅಂದರು.

ಅವರ ಮೃತ್ಯುಪತ್ರ ಆಗಲೇ ಆಗಿತ್ತು. ಅದು ಅಷ್ಟೇನೂ ಕಷ್ಟದ ಕೆಲಸವಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅದಕ್ಕೆ ಛಾಪಾಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಬರೆದವನ ಸಹಿ, ಇಬ್ಬರು ಸಾಕ್ಷಿಗಳ ಸಹಿ ಇದ್ದರಾಯಿತು. ತೋಟ ಯಾರಿಗೆ, ಮನೆ ಯಾರಿಗೆ, ಸೊಸೈಟಿಯ ಶೇರು ಯಾರಿಗೆ ಎಂಬುದು ಎರಡು ಪುಟದಲ್ಲಿ ಮುಗಿದಿತ್ತು. ದೊಡ್ಡಪ್ಪನಿಗೆ ನಿದ್ದೆ ಕೆಡಿಸಿದ್ದು ಆ ಎರಡು ಪುಟದಲ್ಲಿ ಬಾರದೇ ಉಳಿದದ್ದು. ಅವರ ತಲೆಯಲ್ಲಿ ಕಳಚೆ ಕೊರೆಯುತ್ತಿತ್ತು. 2021ರ ಜುಲೈ ಮಳೆಗೆ ನಮ್ಮದೇ ತಾಲೂಕಿನ ಕಳಚೆಯಲ್ಲಿ ಗುಡ್ಡಗಳು ಕುಸಿದು, ತಲೆಮಾರುಗಳ ಅಡಿಕೆ ತೋಟಗಳು ಮಣ್ಣಿನ ಜೊತೆ ಜಾರಿ ಹೋದವು. ಪಹಣಿಯಲ್ಲಿ ಸರ್ವೆ ನಂಬರು ಇತ್ತು, ಸ್ಥಳದಲ್ಲಿ ತೋಟ ಇರಲಿಲ್ಲ. “ಅಲ್ಲಿಯವರು ಮೃತ್ಯುಪತ್ರ ಬರೆದಿಟ್ಟಿದ್ದರೆ ಅದರಲ್ಲಿ ಮಕ್ಕಳಿಗೆ ಎಂತ ಉಳೀತಿತ್ತು?” ಎಂದು ಅವರು ಕೇಳಿದ್ದು ನನಗೆ ಇವತ್ತಿಗೂ ಉತ್ತರ ಸಿಗದ ಪ್ರಶ್ನೆ.

ಮೊದಲ ದಿನ ಬರೆದದ್ದು ಪೂರ್ತಿ ವ್ಯರ್ಥ. ಸತ್ಯವಂತರಾಗಿರಿ, ಹಿರಿಯರಿಗೆ ಗೌರವ ಕೊಡಿ, ದುಡಿಮೆ ಬಿಡಬೇಡಿ, ದೇವರ ದೀಪ ಆರಿಸಬೇಡಿ ಎಂದು ಒಂದೂವರೆ ಪುಟ. ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದ ದೊಡ್ಡಪ್ಪ, “ಇದು ಶಾಲೆಯ ಶಾರದಾ ಪೂಜೆ ಭಾಷಣ. ಹರಿ” ಅಂದರು. ನಾನು ಹರಿಯಲಿಲ್ಲ, ಹಿಂಬದಿ ಖಾಲಿ ಇತ್ತು.

ಹೀಗೆ ಬರೆಯುವುದಕ್ಕೆ ನಮ್ಮಲ್ಲಿ ಹೆಸರಿಲ್ಲ, ಆದರೆ ಕ್ರಿಯೆ ಬಹಳ ಹಳೆಯದು. ಕೌಷೀತಕಿ ಉಪನಿಷತ್ತಿನ ಎರಡನೇ ಅಧ್ಯಾಯದಲ್ಲಿ ತಂದೆ ಮಗನಿಗೆ ಒಪ್ಪಿಸುವ ವಿಧಿಯೊಂದಿದೆ. ಮನೆಗೆ ಹೊಸ ಹುಲ್ಲು ಹಾಸಿ, ಅಗ್ನಿ ಹೂಡಿ, ನೀರಿನ ಕೊಡ ಇಟ್ಟು, ಹೊಸ ಬಟ್ಟೆ ಹೊದ್ದು ತಂದೆ ಮಲಗುತ್ತಾನೆ. ಮಗನನ್ನು ಕರೆದು ತನ್ನ ಮಾತನ್ನು ನಿನ್ನಲ್ಲಿ ಇಡುತ್ತೇನೆ ಎನ್ನುತ್ತಾನೆ. ಮಗ ತೆಗೆದುಕೊಂಡೆ ಎನ್ನುತ್ತಾನೆ. ಆಮೇಲೆ ಉಸಿರು, ನೋಟ, ಕೇಳ್ಮೆ, ನಾಲಿಗೆಯ ರುಚಿ, ಮಾಡಿದ ಕೆಲಸ, ಪಟ್ಟ ಸುಖದುಃಖ, ಹೀಗೆ ಒಂದೊಂದಾಗಿ. ಮನೆ, ಹೊಲ, ದನದ ಪ್ರಸ್ತಾಪವೇ ಇಲ್ಲ. ನನಗೆ ಅಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಕೊನೆಯ ಷರತ್ತು. ಇಷ್ಟೆಲ್ಲ ಒಪ್ಪಿಸಿದ ಮೇಲೆ ತಂದೆ ಸಾಯದೇ ಚೇತರಿಸಿಕೊಂಡುಬಿಟ್ಟರೆ? ಋಷಿಗೆ ಅದೂ ಹೊಳೆದಿದೆ. ಹಾಗಾದರೆ ಅವನು ಮಗನ ಯಜಮಾನಿಕೆಯಲ್ಲಿ ಇರಬೇಕು, ಇಲ್ಲವೇ ಮನೆ ಬಿಟ್ಟು ಸಂಚಾರ ಹೊರಡಬೇಕು. ದೊಡ್ಡಪ್ಪನಿಗೆ ಇದನ್ನು ಹೇಳಿದಾಗ ಹೊಟ್ಟೆ ಹಿಡಿದು ನಕ್ಕರು. ಆಗ ನಗಲಿಕ್ಕೆ ಅವರಿಗೆ ಸಾಧ್ಯವಿತ್ತು.

ಯೆಹೂದಿಗಳಲ್ಲಿ ಮಾತ್ರ ಇದು ಬರವಣಿಗೆಯ ಒಂದು ಪದ್ಧತಿಯೇ ಆಗಿ ನೂರಾರು ವರ್ಷ ನಡೆದು ಬಂತು. ಹನ್ನೆರಡನೇ ಶತಮಾನದಲ್ಲಿ ಫ್ರಾನ್ಸಿನ ದಕ್ಷಿಣಕ್ಕೆ ನೆಲೆಸಿದ್ದ ಯೆಹೂದಾ ಇಬ್ನ್ ತಿಬ್ಬೋನ್ ಎಂಬ ವೈದ್ಯ, ಅನುವಾದಕ ಮಗ ಸಾಮ್ಯುಯೆಲನಿಗೆ ಬರೆದಿಟ್ಟದ್ದು ಬಹಳ ಪ್ರಸಿದ್ಧ. ಅದರಲ್ಲಿ ತತ್ವಕ್ಕಿಂತ ಗೊಣಗಾಟವೇ ರುಚಿ. ನೀನು ಅರಬ್ಬಿ ಅಕ್ಷರ ತಿದ್ದಲಿಲ್ಲ, ನಾನು ಕೂಡಿಸಿದ ಪುಸ್ತಕಗಳ ಕಡೆ ನೋಡಲಿಲ್ಲ ಎಂದು ಶುರು. ಆಮೇಲೆ ಪುಸ್ತಕ ಕಾಯುವ ಪಾಠ. ಹೀಬ್ರೂ ಪುಸ್ತಕಗಳನ್ನು ಅಮಾವಾಸ್ಯೆಗೊಮ್ಮೆ ತೆಗೆದು ನೋಡು, ಅರಬ್ಬಿಯದನ್ನು ಎರಡು ತಿಂಗಳಿಗೊಮ್ಮೆ. ಕಪಾಟಿಗೆ ಒಳ್ಳೇ ಹೊದಿಕೆ ಹಾಕು. ತೇವ, ಇಲಿ ತಾಗದಂತೆ ನೋಡಿಕೊ. ಕೊಳ್ಳಲಾಗದವರು ಕೇಳಿದರೆ ಇಲ್ಲ ಎನ್ನಬೇಡ, ಆದರೆ ಯಾರು ಒಯ್ದರೆಂದು ಬರೆದಿಡು. ಮಳೆಗಾಲದಲ್ಲಿ ಬೂಷ್ಟು, ಬೇಸಗೆಯಲ್ಲಿ ವರಲೆ ಎಂದು ಹೊಡೆದಾಡುವ ನಮ್ಮ ಮಲೆನಾಡಿನವರಿಗೆ ಈ ಅಪ್ಪ ಪಕ್ಕದ ಮನೆಯವನಂತೆ ಕಾಣುತ್ತಾನೆ. ಬೈಸಿಕೊಂಡ ಸಾಮ್ಯುಯೆಲ್ ಮುಂದೆ ಮೈಮೊನಿಡೀಸನ ಮಹಾಗ್ರಂಥವನ್ನು ಅರಬ್ಬಿಯಿಂದಲೇ ಹೀಬ್ರೂವಿಗೆ ತಂದು ಅಪ್ಪನಿಗಿಂತ ದೊಡ್ಡ ಹೆಸರು ಮಾಡಿದ. ಇಷ್ಟು ಶತಮಾನದ ಮೇಲೂ ಆ ಕಾಗದ ಬದುಕಿರುವುದು ಅದರಲ್ಲಿ ಇಲಿ ಇರುವುದರಿಂದ ಎಂದು ನನ್ನ ಖಾತ್ರಿ.

ಎರಡನೇ ದಿನ ದೊಡ್ಡಪ್ಪನೂ ಇಲಿಯ ಮಟ್ಟಕ್ಕೆ ಇಳಿದರು. ನೀರಿನಿಂದ ಶುರು ಮಾಡಿದರು.

ನಮ್ಮ ಮೂಲಮನೆಗೆ ಬರುವುದು ಅಬ್ಬಿಯ ನೀರು. ಗುಡ್ಡದ ಒರತೆಯಿಂದ ಮೊದಲು ಅಡಿಕೆ ದಂಬೆಯಲ್ಲಿ, ಈಗ ಕಪ್ಪು ಪೈಪಿನಲ್ಲಿ ತಾನಾಗಿ ಇಳಿದು ಬರುತ್ತದೆ. ಆ ಒರತೆ ಮೇಲಿನ ಮನೆಯವರ ಬೆಟ್ಟದಲ್ಲಿದೆ. ದೊಡ್ಡಪ್ಪನ ಎಳವೆಯಲ್ಲಿ ಎರಡೂ ಮನೆಯ ಹಿರಿಯರು ಕವಳ ಹಾಕುತ್ತ ಕೂತು ಆಡಿಕೊಂಡ ಒಂದು ಮಾತಿನ ಮೇಲೆ ಇಷ್ಟು ವರ್ಷ ನೀರು ಬಂದಿದೆ: ನೀರು ಕೆಳಗಿನ ಮನೆಗೆ, ಬದಲಿಗೆ ಬೇಸಗೆಯಲ್ಲಿ ಒರತೆ ಸೊರಗಿದರೆ ಮೊದಲ ಕೊಡ ಮೇಲಿನ ಮನೆಗೆ, ಕೆಳಗಿನವರೇ ಹೊತ್ತು ಕೊಡಬೇಕು. ಎಲ್ಲಿಯೂ ಬರವಣಿಗೆಯಲ್ಲಿಲ್ಲ. ಒಂದು ವರ್ಷ ಸೊಪ್ಪಿನ ಬೆಟ್ಟದ ಗಡಿಯ ವಿಷಯಕ್ಕೆ ಎರಡು ಮನೆಗೆ ಮಾತು ಬಿಟ್ಟುಹೋದಾಗಲೂ ಕೊಡ ಏರಿತ್ತು, ನೀರು ಇಳಿದಿತ್ತು. “ಇದನ್ನ ಬರಿ. ಸತ್ಯ ಹೇಳಿ ಅಂತ ಬರೆಯಡ. ಈ ಕೊಡದ ವಿಷಯ ಬರಿ.”

ಬರೆದೆ. ಒಂದೂವರೆ ಪುಟದ ಶಾರದಾ ಪೂಜೆ ಹೇಳಲಾರದ್ದು ಒಂದು ಕೊಡ ಹೇಳಿಬಿಟ್ಟಿತ್ತು.

ಅಲ್ಲಿಂದ ಮಾತು ಅಡೆತಡೆಯಿಲ್ಲದೇ ಹರಿಯಿತು. ಯಾವ ಬರಣದ ಮಣ್ಣು ಸಡಿಲ, ಯಾವ ಕಾದಿಗೆ ಹೂಳೆತ್ತದಿದ್ದರೆ ಕೊಳೆ ಬೇಗ ಬರುತ್ತದೆ, ಮಳೆಗಾಲದಲ್ಲಿ ಹಳ್ಳದ ಸಂಕವನ್ನು ಯಾರಿಗೂ ದಾಟಗೊಡಬಾರದು ಯಾಕೆ (ಇದು ಮೂರನೇ ಪುಟ). ಆಮೇಲೆ ಕೊನೆಗೌಡನ ಕತೆ. ನಮ್ಮ ಮರ ಹತ್ತಿ ಕೊನೆ ಇಳಿಸುತ್ತಿದ್ದವನು ಒಮ್ಮೆ ಜಾರಿ ಬಿದ್ದು ಕಾಲು ಮುರಿದುಕೊಂಡ. ದೊಡ್ಡಪ್ಪ ಆಸ್ಪತ್ರೆಯ ಬಿಲ್ಲು ಕೊಟ್ಟರು, ಆ ವರ್ಷದ ಅಕ್ಕಿ ಕಳಿಸಿದರು. ಅಷ್ಟಕ್ಕೆ ಊರವರು ಹೊಗಳಿದರು. “ಅವ ಮತ್ತೆ ಮರ ಹತ್ತಿದ್ನಿಲ್ಲೆ. ಯಂಗೆ ಅದು ಗೊತ್ತಿತ್ತು. ಹೊಗಳಿಸ್ಕ್ಯಂಡು ಸುಮ್ಮನಾದಿ.” ಅವನ ಮೊಮ್ಮಗಳ ಓದಿಗೆ ಏನಾದರೂ ಮಾಡಿ ಎಂದು ಬರೆಸಿದರು. ಮೃತ್ಯುಪತ್ರದಲ್ಲಿ ಯಾಕೆ ಹಾಕಲಿಲ್ಲ ಎಂದು ಕೇಳಿದ್ದಕ್ಕೆ, ಅಲ್ಲಿ ಹಾಕಿದರೆ ಅದು ಆಸ್ತಿ, ಇಲ್ಲಿ ಹಾಕಿದರೆ ಋಣ ಎಂದರು.

ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ಓದು ಮುಗಿಸಿ ಹೊರಟ ಶಿಷ್ಯನಿಗೆ ಗುರು ಹೇಳುವ ಮಾತುಗಳಿವೆ. ಸತ್ಯ, ಧರ್ಮ, ತಾಯಿ, ತಂದೆ, ಅತಿಥಿ ಎಂದು ಬರುವ ಭಾಗವನ್ನು ಶಾಲೆಯ ಗೋಡೆಗಳ ಮೇಲೂ ಬರೆಸುತ್ತಾರೆ. ಅದೇ ಉಸಿರಿನಲ್ಲಿ ಗುರು ಇನ್ನೊಂದು ಮಾತು ಹೇಳಿದ್ದನ್ನು ಗೋಡೆಗೆ ಯಾರೂ ಬರೆಸಿದ್ದು ನಾನು ಕಂಡಿಲ್ಲ. ನಮ್ಮ ನಡತೆಯಲ್ಲಿ ಒಳ್ಳೆಯದು ಯಾವುದೋ ಅದನ್ನಷ್ಟೇ ಹಿಡಿ, ಉಳಿದದ್ದನ್ನಲ್ಲ ಎನ್ನುತ್ತಾನೆ ಅವನು. ತನ್ನಲ್ಲಿ ಉಳಿದದ್ದೂ ಇದೆ ಎಂದು ಬೀಳ್ಕೊಡುವ ಹೊತ್ತಿನಲ್ಲಿ ಒಪ್ಪಿಕೊಳ್ಳುವ ಗುರು!

ಮೂರನೇ ದಿನ ಆ ‘ಉಳಿದದ್ದು’ ಬಂತು. ಬಹಳ ಹೊತ್ತು ಮಾತಿಲ್ಲ. ಮಳೆ ಹಂಚಿನ ಮೇಲೆ ಬೀಳುತ್ತಿತ್ತು, ದೊಡ್ಡಪ್ಪ ಅಡಿಕೆ ಕತ್ತರಿಸುತ್ತ ಕೂತಿದ್ದರು. ಕತ್ತರಿಸಿದ್ದನ್ನು ಬಾಯಿಗೆ ಹಾಕುತ್ತಿರಲಿಲ್ಲ. ಕಡೆಗೆ ಅಕ್ಕನ ವಿಷಯ ಎಂದರು. ಅವರ ಮಗಳು, ನನಗೆ ಅಕ್ಕ, ಸಿದ್ದಾಪುರದ ಕಡೆ ಕೊಟ್ಟದ್ದು. ಮದುವೆಯಾದ ಮೇಲೆ ಒಂದು ಸಲ ತವರಿಗೆ ಬಂದಾಗ ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದರು. ಎಲ್ಲ ಮನೆಯಲ್ಲೂ ನಡೆಯುತ್ತಿದ್ದದ್ದೇ. ಕರ್ನಾಟಕದಲ್ಲಿ 1994ರಿಂದಲೇ ಅವಿವಾಹಿತ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಬಂದಿತ್ತು, 2005ರಲ್ಲಿ ಕೇಂದ್ರದ ತಿದ್ದುಪಡಿ ಆಯಿತು, 2020ರಲ್ಲಿ ಸುಪ್ರೀಂ ಕೋರ್ಟು ಆ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಖಚಿತಗೊಳಿಸಿತು. ಮಲೆನಾಡಿನ ತೋಟಗಳಲ್ಲಿ ಕಾನೂನಿಗಿಂತ ಮೊದಲು ಪೆನ್ನು ತಲುಪುತ್ತಿತ್ತು. “ಅದು ಓದಿದ್ದಿಲ್ಲೆ. ಎಂತದು ಅಪ್ಪಯ್ಯ ಅಂತ ಕೇಳಿದ್ದೂ ಇಲ್ಲೆ. ಸಹಿ ಹಾಕಿ ಹಾಲು ಕಾಸಲೆ ಒಳಗೆ ಹೋತು.”

ತಪ್ಪಾಯಿತು ಎಂದು ಬರೆದೆ. ತಲೆಯಾಡಿಸಿದರು. ತಪ್ಪು ಆಗುವುದು ಮಳೆ ಬಂದಂತೆ, ತಾನಾಗಿ. ‘ತಪ್ಪು ಮಾಡಿದೆ’ ಎಂದು ತಿದ್ದಿಸಿದರು. ಆ ಸಾಲಿನ ಕೆಳಗೆ ನಡುಗುವ ಕೈಯಲ್ಲಿ ತಾವೇ ಸಹಿ ಹಾಕಿದರು. ಮೃತ್ಯುಪತ್ರವನ್ನು ಬದಲಿಸಿ ಬರೆಸಿದ್ದು ಆಮೇಲಿನ ವಾರ. ಅದಕ್ಕೆ ವಕೀಲರು ಬೇಕಾದರು, ನಾನಲ್ಲ.

ಒಂದು ಸಾಲಿಗೆ ಮಾತ್ರ ನಾವಿಬ್ಬರೂ ಜಗಳವಾಡಿದೆವು. ತೋಟ ಮಾರಬೇಡಿ ಎಂದು ಬರೆಯಲು ಅವರು ಹೇಳಿದರು, ನಾನು ಪೆನ್ನು ಕೆಳಗಿಟ್ಟೆ. ಅವರ ಸಂಕಟ ಗೊತ್ತಿಲ್ಲದ್ದಲ್ಲ. ಎಂಬತ್ತರ ದಶಕದ ಮೊದಲಿಗೆ ಬೇಡ್ತಿ ಜಲವಿದ್ಯುತ್ ಯೋಜನೆಗೆ ಈ ಕಣಿವೆಯ ತೋಟಗಳು ಮುಳುಗುವುದಿದ್ದವು. ತೋಟಿಗರು ಸಹಕಾರಿ ಸಂಘದ ಬೆನ್ನೆಲುಬಿನೊಂದಿಗೆ ಲಾಭನಷ್ಟದ ಲೆಕ್ಕವನ್ನೇ ಮುಂದಿಟ್ಟು ವಾದಿಸಿದರು. ಘೋಷಣೆ ಕೂಗುವವರು ಅಡಿಕೆ, ಮೆಣಸು, ಏಲಕ್ಕಿ, ಸೊಪ್ಪು, ಸೌದೆಗೆ ಬೆಲೆ ಕಟ್ಟಿ ಅಂಕಿ ಹಿಡಿದು ನಿಂತದ್ದು ಆಗಿನ ಕಾಲಕ್ಕೆ ಹೊಸತು. ಯೋಜನೆ ನಿಂತಿತು. ದೊಡ್ಡಪ್ಪ ಶಿರಸಿಯ ಸಭೆಗಳಿಗೆ ಬಸ್ಸಿನಲ್ಲಿ ನಿಂತು ಹೋಗಿ ಬಂದವರು. ಈಗ ಬೇಡ್ತಿ–ವರದಾ ನದಿ ಜೋಡಣೆಯ ಮಾತು ಬಂದಾಗಲೂ ಪತ್ರಿಕೆಯ ಕತ್ತರಿಸಿದ ತುಂಡುಗಳನ್ನು ಪಂಚಾಂಗದ ನಡುವೆ ಇಟ್ಟುಕೊಂಡಿದ್ದಾರೆ. ಅಣೆಕಟ್ಟಿನ ಬಾಯಿಂದ ಉಳಿಸಿದ ತೋಟ ಈಗ ಪುಣೆಯಲ್ಲಿರುವ ಮಗನಿಂದ, ಬೆಂಗಳೂರಿನ ಮೊಮ್ಮಗನಿಂದ ಉಳಿಯುತ್ತದೆಯೇ?

ಆಗ ನಾನು ಗ್ಲೂಕೆಲಳ ಕತೆ ಹೇಳಿದೆ. ಹದಿನೇಳನೇ ಶತಮಾನದ ಜರ್ಮನಿಯ ಯೆಹೂದಿ ವ್ಯಾಪಾರಿ ಹೆಂಗಸು. 1689ರಲ್ಲಿ ಗಂಡ ತೀರಿಕೊಂಡ ಮೇಲೆ, ನಿದ್ದೆ ಬಾರದ ರಾತ್ರಿಗಳಲ್ಲಿ ಮಕ್ಕಳಿಗಾಗಿ ತನ್ನ ಬಾಳನ್ನು ಬರೆಯಲು ಕೂತಳು. ಬರೆಯುತ್ತ ಏಳು ಭಾಗವಾಯಿತು. ಮೊದಲಲ್ಲೇ ಒಂದು ಹಕ್ಕಿಯ ಕತೆ ಬರುತ್ತದೆ. ಬಿರುಗಾಳಿಯಲ್ಲಿ ಅಪ್ಪ ಹಕ್ಕಿ ಮೂರು ಮರಿಗಳನ್ನು ಒಂದೊಂದಾಗಿ ಕಡಲು ದಾಟಿಸಬೇಕು. ನಡುಗಡಲಲ್ಲಿ ಮೊದಲ ಮರಿಯನ್ನು ಕೇಳುತ್ತದೆ: ಮುದಿಯಾದಾಗ ನನ್ನನ್ನೂ ಹೀಗೆ ಹೊರುತ್ತೀಯಾ? ಹೊರುತ್ತೇನೆ ಎನ್ನುತ್ತದೆ ಮರಿ. ಸುಳ್ಳು ಎಂದು ನೀರಿಗೆ ಬಿಟ್ಟುಬಿಡುತ್ತದೆ. ಎರಡನೆಯದಕ್ಕೂ ಅದೇ ಗತಿ. ಮೂರನೆಯದು ಹೇಳುತ್ತದೆ: ನಿನ್ನ ಬಗ್ಗೆ ಮಾತು ಕೊಡಲಾರೆ, ಆದರೆ ನನಗೆ ಮರಿಯಾದಾಗ ನೀನು ನನ್ನನ್ನು ಹೊತ್ತಂತೆ ಅವನ್ನು ಹೊರುತ್ತೇನೆ. ಅದೊಂದು ಮರಿ ದಡ ಸೇರಿತು. 

ಕತೆ ಕ್ರೂರವಾಯಿತು ಎಂದರು ದೊಡ್ಡಪ್ಪ. ಆಮೇಲೆ ಎದ್ದು ಹೋಗಿ ಕೊಟ್ಟಿಗೆಯ ಕಡೆ ಸುತ್ತು ಹಾಕಿ ಬಂದರು. ಸಾಲು ಬದಲಾಯಿತು: ಮಾರುವುದಾದರೆ ಅಬ್ಬಿಯ ಮಾತನ್ನು ಕೊಳ್ಳುವವರಿಗೆ ಹೇಳಿ, ಅವರು ಒಪ್ಪಿದರೆ ಮಾರಿ.

ಇಂಥ ಕಾಗದದ ಬಗ್ಗೆ ನನ್ನ ಅಭಿಪ್ರಾಯ ಇದ್ದರೆ ಇದೊಂದೇ. ಕಟ್ಟಿಹಾಕುವ ಸಾಲನ್ನು ಬರೆಯಬಾರದು. ಸತ್ತವರ ಜೊತೆ ವಾದ ಮಾಡಲಾಗುವುದಿಲ್ಲ. ಮಕ್ಕಳು ಆ ಸಾಲನ್ನು ಪಾಲಿಸಿದರೂ ನರಳುತ್ತಾರೆ, ಮುರಿದರೂ ನರಳುತ್ತಾರೆ. ಕೆನಡಾದ ಮನೋವೈದ್ಯ ಹಾರ್ವಿ ಚೋಚಿನೋವ್ ಕೊನೆಗಾಲದ ರೋಗಿಗಳ ಜೊತೆ ಇಂಥ ಕಾಗದ ಬರೆಸುವುದನ್ನೇ ಚಿಕಿತ್ಸೆಯಾಗಿ ಮಾಡಿದವರು. ರೋಗಿಯನ್ನು ಮಾತಾಡಿಸಿ, ಧ್ವನಿ ಮುದ್ರಿಸಿ, ಬರಹಕ್ಕಿಳಿಸಿ, ತಿದ್ದಿ, ಅವರಿಗೇ ಓದಿ ಹೇಳಿ, ಒಪ್ಪಿದ ಪ್ರತಿಯನ್ನು ಮನೆಯವರಿಗೆ ಕೊಡುವುದು. 2005ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ನೂರು ರೋಗಿಗಳ ಪೈಕಿ 91 ಮಂದಿ ತೃಪ್ತಿ ಹೇಳಿದರು, 76 ಮಂದಿ ತಮ್ಮ ಘನತೆಯ ಭಾವ ಹೆಚ್ಚಿತೆಂದರು. ಓದಿ ಹೇಳುವ ಹಂತ ಇದೆಯಲ್ಲ, ಅದೇ ಮುಖ್ಯ. ಬರೆದದ್ದನ್ನು ತಮ್ಮ ಕಿವಿಯಲ್ಲೇ ಕೇಳಿದಾಗ ಯಾವ ಸಾಲು ಮಕ್ಕಳಿಗೆ ಚುಚ್ಚುತ್ತದೆ ಎಂದು ಗೊತ್ತಾಗುತ್ತದೆ. (ವೆಂಟಿಲೇಟರು ಬೇಡ ಎಂಬಂಥದ್ದನ್ನು ಈ ಕಾಗದದಲ್ಲಿ ತುರುಕಬಾರದು. ಅದಕ್ಕೆ ಬೇರೆಯೇ ದಾಖಲೆಯಿದೆ. ಸುಪ್ರೀಂ ಕೋರ್ಟು 2018ರಲ್ಲಿ ಒಪ್ಪಿ 2023ರಲ್ಲಿ ಸರಳಗೊಳಿಸಿದ್ದನ್ನು ಜಾರಿಗೆ ತರಲು ನಮ್ಮ ರಾಜ್ಯ ಸರ್ಕಾರ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿದೆ.)

ದೊಡ್ಡಮ್ಮನನ್ನು ಕೇಳದೇ ಬಂದಿದ್ದರೆ, ಹೆಂಗಸರ ಮಾತನ್ನು ಬರೆದಿಡದ ಹಳೇ ತಪ್ಪನ್ನೇ ನಾನೂ ಮಾಡುತ್ತಿದ್ದೆ. ಸಿದ್ದಾಪುರ ಸೀಮೆಯ ಕರನಿರಾಕರಣೆಯಲ್ಲಿ, 1932ರಲ್ಲಿ, ಜಪ್ತಿಯಾದ ಆಸ್ತಿ ಕೊಂಡವರ ಮನೆಯ ಮುಂದೆ ಉಪವಾಸ ಕೂತವರು ಹೆಂಗಸರು. ಮಾವಿನಗುಂಡಿಯಲ್ಲಿ ಅವರ ಸ್ಮಾರಕವಿದೆ. ಮೊಮ್ಮಗಳಿಗೆ ಅವರಲ್ಲೊಬ್ಬಳು ಬರೆದ ನಾಲ್ಕು ಸಾಲು ಕೈಗೆ ಸಿಗುತ್ತಿದ್ದರೆ ನಾನು ಎಷ್ಟೋ ಭಾಷಣಗಳನ್ನು ಬಿಟ್ಟು ಅದನ್ನು ಓದುತ್ತಿದ್ದೆ. 

“ಯಂಗೆ ಬರೆಯಲೆ ಎಂತ ಇದ್ದು?” ಎಂದು ದೊಡ್ಡಮ್ಮ ನಕ್ಕುಬಿಟ್ಟರು. ಮೊಬೈಲು ರೆಕಾರ್ಡಿಗೆ ಹಾಕಿ ಉಪ್ಪಿನಕಾಯಿಯ ಭರಣಿ ತೋರಿಸಿ, ಇದು ಯಾವ ಮರದ್ದು ಎಂದೆ. ನಲವತ್ತು ನಿಮಿಷ! ಹಳ್ಳದಂಚಿನ ಅಪ್ಪೆಮರ, ಗೊರಟು ಬಲಿಯುವ ಮೊದಲು ಕೊಯ್ಯಬೇಕು, ತೊಟ್ಟು ಮುರಿಯಬಾರದು, ನೆಲಕ್ಕೆ ಬಿದ್ದ ಮಿಡಿ ಭರಣಿಗೆ ಬರಬಾರದು, ಆ ಮರದ ಕಾಯಿ ಕೇಳಲು ಬಂದ ಯಾರನ್ನೂ ತನ್ನ ಅತ್ತೆ ಬರಿಗೈಯಲ್ಲಿ ಕಳಿಸಿದ್ದಿಲ್ಲ, ಮದುವೆಯಾಗಿ ಬಂದ ಹೊಸತರಲ್ಲಿ ತಾನು ಕಳಿಸಿ ಬೈಸಿಕೊಂಡದ್ದು. ನಮ್ಮ ಸೀಮೆಯಲ್ಲಿ ಅನಂತಭಟ್ಟನ ಅಪ್ಪೆ ಎಂಬ ತಳಿಯೇ ಇದೆ, ಕಸಿಯಾಗಿ ಊರೂರಿಗೆ ಹೋಗಿದೆ. ಆ ಭಟ್ಟರು ಮಕ್ಕಳಿಗೆ ಏನು ಬರೆದಿಟ್ಟರೋ, ಹೆಸರು ಮಾತ್ರ ಮಿಡಿಯಲ್ಲಿ ಉಳಿಯಿತು.

ಅಕ್ಷರದ ಗೊಡವೆಯೇ ಇಲ್ಲದೇ ಇದನ್ನು ಮಾಡುವವರೂ ನಮ್ಮ ತಾಲೂಕಿನಲ್ಲೇ ಇದ್ದಾರೆ. ಸಿದ್ದಿ ಹೆಂಗಸರು ಹಳೇ ಸೀರೆ, ಅಂಗಿಗಳ ತುಂಡು ಕೂಡಿಸಿ ಹೊಲಿಯುವ ಕೌದಿಯನ್ನು ಅಮೆರಿಕದ ವಿಸ್ಕಾನ್ಸಿನ್‌ನ ಪ್ರೊಫೆಸರ್ ಹೆನ್ರಿ ಡ್ರೂವಲ್ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಅದರ ಮೂಲೆಗಳಿಗೆ ಮಡಿಕೆಯ ಮೇಲೆ ಮಡಿಕೆಯಿಟ್ಟು ಹೊಲಿದ ಪುಟ್ಟ ಚೌಕಗಳಿರುತ್ತವೆ, ಅದಕ್ಕೆ ಫೂಲ ಎನ್ನುತ್ತಾರೆ. ಅದಿಲ್ಲದ ಕೌದಿ ಬತ್ತಲೆಯಂತೆ. ಹುಟ್ಟುವ ಮೊಮ್ಮಗುವಿಗೆ ಅಜ್ಜಿ ಹೊಲಿದ ಕೌದಿಯಲ್ಲಿ ಅವಳು ಉಟ್ಟದ್ದು, ಅವಳ ಗಂಡ ತೊಟ್ಟದ್ದು ಎಲ್ಲ ಸೇರಿರುತ್ತದೆ. ಮಗು ಅದನ್ನು ಓದಬೇಕಿಲ್ಲ, ಹೊದ್ದರೆ ಸಾಕು.

ದೊಡ್ಡಪ್ಪನ ಕಾಗದ ಆರು ಪುಟವಾಯಿತು. ಹೋದ ಮೇಲೆ ಓದುವ ಕಾಗದ ಎಂದಿದ್ದವರು ಚೌತಿಗೆ ಎಲ್ಲರೂ ಬಂದಾಗ ತಡೆಯಲಾಗದೇ ತಾವೇ ಓದಿಸಿಬಿಟ್ಟರು. ಓದಿದವನು ಬೆಂಗಳೂರಿನ ಮೊಮ್ಮಗ, ಕನ್ನಡ ಸ್ವಲ್ಪ ತಡವರಿಸುತ್ತ. ಹಕ್ಕು ಬಿಟ್ಟ ಪತ್ರದ ಸಾಲು ಬಂದಾಗ ಅಕ್ಕ ಎದ್ದು ಒಳಗೆ ಹೋದಳು. ಹಾಲು ಕಾಸಲಿಕ್ಕಲ್ಲ. ಸ್ವಲ್ಪ ಹೊತ್ತಿಗೆ ಬಂದು ಅಪ್ಪನ ಪಕ್ಕ ಕೂತಳು, ಏನೂ ಹೇಳಲಿಲ್ಲ. ಮರುದಿನ ಮಗ ಪುಣೆಗೆ ಹೊರಡುವ ಮೊದಲು ಕೊಡ ಹೊತ್ತು ಮೇಲಿನ ಮನೆಗೆ ಹೋಗಿ ಬಂದ. ಮಳೆಗಾಲ, ಅವರ ಬಾವಿ ತುಂಬಿ ತುಳುಕುತ್ತಿತ್ತು. ಅವರಿಗೆ ನಗು, ಇವನಿಗೆ ನಾಚಿಕೆ.

ಎರಡು ವರ್ಷವಾಯಿತು. ದೊಡ್ಡಪ್ಪ ಗಟ್ಟಿಯಾಗಿಯೇ ಇದ್ದಾರೆ. ಸಂಚಾರ ಹೊರಡುವ ಲಕ್ಷಣವಿಲ್ಲ. ಈ ಮಳೆಗಾಲ ನಾನು ಹೋದಾಗ ಅಕ್ಕ ಬಂದಿದ್ದಳು. ತೋಟದಲ್ಲಿ ಮದ್ದು ಹೊಡೆಯುವವರು ಬಂದಿದ್ದರು; ದೊಡ್ಡಪ್ಪ ಸದ್ದಿಲ್ಲದೇ ಕಂಬಳಿಕೊಪ್ಪೆ ಹಾಕಿಕೊಂಡು ಕೋಲು ಹಿಡಿದು ಅಂಗಳಕ್ಕೆ ಇಳಿದಿದ್ದರು. 

“ಅಪ್ಪಯ್ಯ, ಎಲ್ಲಿಗೆ?” ಎಂದಳು ಅಕ್ಕ ಒಳಗಿಂದ. “ಇಲ್ಲೇ. ಹಳ್ಳದಾಚೆ.”

“ಮೂರನೇ ಪುಟ ಓದ್ಲಾ?”

ದೊಡ್ಡಪ್ಪ ನನ್ನ ಮುಖ ನೋಡಿದರು, ಬರೆದವನು ನೀನೇ ಎಂಬಂತೆ. ಆಮೇಲೆ ಕೊಪ್ಪೆ ಬಿಚ್ಚಿ ಜಗಲಿಯ ಗೂಟಕ್ಕೆ ಸಿಕ್ಕಿಸಿ, ಕವಳದ ತಟ್ಟೆ ಎಳೆದುಕೊಂಡರು.